ನಾಲ್ಕು ಗುಂಡಿಯ ಕಣಿ

ಹೊಲಿಗೆಯವಳ ತಂಗಿ ಪ್ರಾರ್ಥನೆಗೆ ಕೂತಲ್ಲೇ ಗಡಗಡ ನಡುಗುತ್ತ, "ನಾಲ್ಕು ಗುಂಡಿ... ಬೇಗ, ನಾಲ್ಕು ಗುಂಡಿ" ಎಂದು ಕೂಗತೊಡಗಿದಳು. ಓಣಿಯ ಹೆಂಗಸರು ಬಾಗಿಲಲ್ಲೇ ಕಲ್ಲಾಗಿ ನಿಂತರು.

"ಕಣಿ ಕಣೇ ಇದು!" ಎಂದಳು ಪಕ್ಕದ ಮನೆಯ ಅಜ್ಜಿ. ದೇವರು ಮೈತುಂಬಿ ನುಡಿಸುವ ಮಾತಿಗೆ ಹಿರಿಯರು ಇಟ್ಟ ಹೆಸರು ಕಣಿ. "ನಾಲ್ಕು ಹೆಣ ಬೀಳುತ್ತೆ. ಯಾರೂ ಅವಳನ್ನ ಮುಟ್ಟಬೇಡಿ, ಮುಟ್ಟಿದೋರಿಗೇ ಮೊದಲನೇ ಗುಂಡಿ!"

ಆದರೂ ಹೊಲಿಗೆಯವಳು ತಂಗಿಯ ಹಣೆ ಮುಟ್ಟಿದಳು. ಕಾದ ಇಸ್ತ್ರಿಪೆಟ್ಟಿಗೆ ಮುಟ್ಟಿದಂತಾಯಿತು.

"ಅಜ್ಜಿ, ಇದು ಕಣಿಯಲ್ಲ, ಹಳವಂಡ. ಜ್ವರ ತಲೆಗೇರಿದೆ. ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು, ದಾರಿ ಬಿಡಿ."

"ದೇವರ ಮಾತಿಗೆ ಜ್ವರದ ಹೆಸರಿಡ್ತೀಯಾ? ನಿನ್ನ ನಾಲಿಗೆಗೂ ಒಂದು ಹೊಲಿಗೆ ಹಾಕ್ಕೋ!"

ಯಾರೂ ಕದಲಲಿಲ್ಲ. ತಂಗಿಯ ತುಟಿ ನೀಲಿಯಾಗುತ್ತಿತ್ತು. ಹೊಲಿಗೆಯವಳು ಹೊಲಿಗೆ ಮಿಷಿನ್ನಿನ ಮೇಲಿದ್ದ ಅಂಗಿಯನ್ನು ಎಳೆದು ತಂದು ಎತ್ತಿ ಹಿಡಿದಳು. ತಂಗಿ ಬೆಳಗ್ಗೆ ಕಾಜ ಹೊಲಿದು, ಗುಂಡಿ ಹಚ್ಚದೆ ಬಿಟ್ಟಿದ್ದ ಅಂಗಿ ಅದು.

"ನೋಡಿ, ಇದರ ಗುಂಡಿ! ಅರ್ಧಕ್ಕೆ ಬಿಟ್ಟ ಕೆಲಸ ಬಾಯಿಗೆ ಬರ್ತಿದೆ. ಎಣಿಸ್ಕೊಳ್ಳಿ, ಕಾಜ ನಾಲ್ಕೇ."

ಅಜ್ಜಿ ಎಣಿಸಿ ನೋಡಿ ಗಲ್ಲಕ್ಕೆ ಕೈಯಿಟ್ಟಳು. "ಅಯ್ಯೋ, ಅಂಗಿ ಗುಂಡಿಗೆ ನಾವು ನೆಲ ಅಗೀತಾ ಇದ್ವಲ್ಲೇ! ಹಿಡೀರಿ, ಕಾಲು ಹಿಡೀರಿ."

ಆಟೋದಲ್ಲಿ ತಂಗಿಯನ್ನು ಮಡಿಲಿಗೆ ಒರಗಿಸಿಕೊಂಡ ಮೇಲೂ ಹೊಲಿಗೆಯವಳ ಕೈ ಆ ಅಂಗಿಯನ್ನು ಬಿಟ್ಟಿರಲಿಲ್ಲ. ಐದನೆಯ ಕಾಜ ಇನ್ನೂ ಅವಳ ಹೆಬ್ಬೆರಳಿನ ಅಡಿಯಲ್ಲೇ ಇತ್ತು.