ನಾದಿನಿಯ ಹೆಸರಿನ ಕೈಪಿಡಿ

ನನ್ನ ಯಜಮಾನರ ತಂಗಿ ಇಪ್ಪತ್ತಾರು ವರ್ಷ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದಿದವಳು. ಎಷ್ಟೋ ಜನರ ಪುಸ್ತಕಗಳು ಅವಳ ಕಣ್ಣ ಕೆಳಗೆ ಹಾದುಹೋಗಿವೆ, ಒಂದರಲ್ಲೂ ಅವಳ ಹೆಸರಿಲ್ಲ. ಅಲ್ಲಿ ಎಲ್ಲರೂ ಅವಳನ್ನು ಸೂಜಿಕಣ್ಣು ಎನ್ನುತ್ತಿದ್ದರು. ಗಂಡಿನ ಕಡೆಯವರು ಬರೆದ ಪತ್ರದಲ್ಲೂ ತಪ್ಪು ಹುಡುಕಿ ಗೀಟು ಹಾಕಿ ವಾಪಸು ಕಳಿಸಿದಳು, ಅದಕ್ಕೇ ನಮ್ಮ ಮನೆಯಲ್ಲೇ ಉಳಿದಳು ಎಂದು ನನ್ನವರು ತಮಾಷೆ ಮಾಡುತ್ತಿದ್ದರು. ಅವರು ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ.

ಅಚ್ಚುಕೂಟ ಮುಚ್ಚಿದಾಗ ಅವಳಿಗೆ ಐವತ್ತೆರಡು. ಎರಡು ರಸ್ತೆ ಆಚೆ, ಹೊಲಿಗೆ ಅಂಗಡಿಯ ಮೇಲಿದ್ದ ಸಣ್ಣ ಕಂಪ್ಯೂಟರ್ ಕಚೇರಿಯಲ್ಲಿ ಕೈಪಿಡಿ ಬರೆಯುವ ಕೆಲಸ ಸಿಕ್ಕಿತು. ನಾನು ನಾಲ್ಕನೇ ತರಗತಿಯವರೆಗೆ ಓದಿದವಳು. ಅವಳು ಹೇಳಿ ಹೇಳಿ ನನಗೆ ತಿಳಿದದ್ದು ಇಷ್ಟು: ಕಂಪ್ಯೂಟರಿನಲ್ಲಿ ಟೈಪು ಮಾಡಿದ ಕಾಗದಪತ್ರದ ಅಂಚಿನಲ್ಲಿ, ‘ಈ ಸಾಲು ಸರಿಯಿಲ್ಲ, ನೋಡಿ’ ಎಂದು ಚೀಟಿ ಅಂಟಿಸಿದ ಹಾಗೆ ಟಿಪ್ಪಣಿ ಹಾಕಬಹುದು. ಸಾವಿರ ಕಡತಗಳಿದ್ದರೆ ಒಂದೊಂದನ್ನೇ ತೆರೆದು ಹಾಕುವಷ್ಟರಲ್ಲಿ ಸಾಕುಸಾಕಾಗುತ್ತದೆ. ಈ ಕಚೇರಿಯವರು ಮಾರುತ್ತಿದ್ದ ಕಂಪ್ಯೂಟರ್ ಸಾಧನ ಒಂದು ಕಡತವನ್ನೂ ತೆರೆಯದೆ, ಯಾರು ಹಾಕಿದ್ದು, ಯಾವತ್ತು, ಯಾವ ಸಾಲಿಗೆ ಎಂಬುದರ ಸಮೇತ ಅಂಟಿಸಿಬಿಡುತ್ತಿತ್ತು. ಅದನ್ನು ಬಳಸುವುದು ಹೇಗೆಂದು ಇವಳು ಬರೆಯಬೇಕು. ಮೊದಲ ಪುಟದಲ್ಲಿ ನಿಮ್ಮ ಹೆಸರು ಇರುತ್ತದೆ ಎಂದು ಕಚೇರಿಯ ಯಜಮಾನ ಹೇಳಿದ್ದನಂತೆ. ಅವತ್ತು ಚಪ್ಪಲಿ ಬಿಡುವ ಮೊದಲೇ ನನಗೆ ಆ ಸುದ್ದಿ ಹೇಳಿದಳು.

ಸಾಧನ ಮಾಡಿದವನನ್ನು ಕೂದಲು ನೋಡಿ ಎಲ್ಲರೂ ಗುಂಗುರಣ್ಣ ಎನ್ನುತ್ತಿದ್ದರು. ಎದುರು ನಿಂತು ಕೇಳಿದರೆ ಮುಖ ಎತ್ತದ ಮನುಷ್ಯ. ಇವಳು ಕೈಪಿಡಿಯ ಅಂಚಿನಲ್ಲೇ ಪ್ರಶ್ನೆ ಹಾಕಿದರೆ ಮಾತ್ರ ಅದರ ಕೆಳಗೆ ಉದ್ದಕ್ಕೆ ಉತ್ತರ ಬರೆಯುತ್ತಿದ್ದ. ಟಿಪ್ಪಣಿ ಹಾಕುವವರ ಹೆಸರು ಕೊಡದಿದ್ದರೆ ಏನಾಗುತ್ತದೆ ಎಂದು ಕೇಳಿದ್ದಕ್ಕೆ, ‘ಇದನ್ನು ಕೇಳಿದವರು ನೀವೇ ಮೊದಲು. ನನಗೂ ಗೊತ್ತಿರಲಿಲ್ಲ. ನೋಡಿದರೆ ಎಲ್ಲ ಕೆಡುತ್ತಿತ್ತು, ಸರಿ ಮಾಡಿದ್ದೇನೆ’ ಎಂದು ಬರೆದಿದ್ದ. ಸಂಜೆ ಸೊಪ್ಪು ಬಿಡಿಸುತ್ತ ಇಂಥವನ್ನೆಲ್ಲ ನನಗೆ ಹೇಳಿ ನಗುತ್ತಿದ್ದಳು.

ಅಚ್ಚುಕೂಟದ ಅಭ್ಯಾಸ ಅವಳನ್ನು ಬಿಟ್ಟಿರಲಿಲ್ಲ. ಅಂಚಿನ ಗುರುತುಗಳೆಲ್ಲ ಮುಗಿಯುವ ತನಕ ಒಳಗಿನ ಸಾಲು ಮುಟ್ಟಬಾರದು, ಮುಟ್ಟಿದರೆ ಒಂದು ತಪ್ಪು ತಿದ್ದಲು ಹೋಗಿ ಎರಡು ಹುಟ್ಟುತ್ತವೆ. ಒಂದು ಪುಸ್ತಕದ ಕರಡುಗಳೆಲ್ಲ ಒಂದೇ ಕಟ್ಟಿನಲ್ಲಿರಬೇಕು. ಹಾಗಾಗಿ ಎರಡು ವರ್ಷದ ನಾನೂರು ಚಿಲ್ಲರೆ ಉತ್ತರಗಳು ಅಂಚಿನಲ್ಲೇ ಉಳಿದಿದ್ದವು. ಕೈಪಿಡಿಯೂ ಅದರ ನಕಲುಗಳೂ ಒಂದೇ ಫೋಲ್ಡರಿನಲ್ಲಿದ್ದವು.

ಗುಂಗುರಣ್ಣನಿಗೆ ಮೂತ್ರಪಿಂಡದ ಕಾಯಿಲೆ. ಆಸ್ಪತ್ರೆಯ ಮಂಚದಿಂದಲೂ ಉತ್ತರ ಬರೆದ, ಆಮೇಲೆ ತೀರಿಕೊಂಡ. ಇವಳು ಎರಡು ದಿನ ತಟ್ಟೆಯ ಮುಂದೆ ಸುಮ್ಮನೆ ಕುಳಿತು ಎದ್ದಳು. ಮೂರನೆಯ ದಿನ ಹೊರಡುವಾಗ ಹೇಳಿದಳು, “ಒಂದೇ ಅಧ್ಯಾಯ ಉಳಿದಿರೋದು ಅತ್ತಿಗೆ. ಅದು ಮುಗೀತಿದ್ದ ಹಾಗೆ ಎಲ್ಲಾ ಒಳಗೆ ಸೇರಿಸಿಬಿಡ್ತೀನಿ. ಅವರು ಬರೆದದ್ದು ಹಾಳಾಗಬಾರದು.”

ಆ ಅಧ್ಯಾಯ ಟಿಪ್ಪಣಿಗಳನ್ನು ಅಳಿಸುವುದರ ಬಗ್ಗೆ. ತನ್ನ ಕೈಯಲ್ಲಿ ಮಾಡಿ ನೋಡದ್ದನ್ನು ಅವಳು ಬರೆಯುವವಳಲ್ಲ. ಒಂದು ನಕಲಿನ ಮೇಲೆ ಮಾಡಿ ನೋಡೋಣವೆಂದು ಸಾಧನಕ್ಕೆ ಅಳಿಸುವ ಆಜ್ಞೆ ಕೊಟ್ಟಳು, ಆದರೆ ಆ ನಕಲಿನ ಹೆಸರನ್ನು ಟೈಪು ಮಾಡಲು ಮರೆತಳು. ಕಡತದ ಹೆಸರು ಕೊಡದಿದ್ದರೆ ಆ ಆಜ್ಞೆ ಫೋಲ್ಡರಿನಲ್ಲಿ ಇರುವುದಕ್ಕೆಲ್ಲ ತಗಲುತ್ತದೆ. ಆ ಎಚ್ಚರಿಕೆಯನ್ನೂ ಗುಂಗುರಣ್ಣ ಯಾವುದೋ ಒಂದು ಟಿಪ್ಪಣಿಯಲ್ಲಿ ಬರೆದಿದ್ದ. ಕಣ್ಣು ಮಿಟುಕಿಸುವಷ್ಟರಲ್ಲಿ ಅಂಚುಗಳೆಲ್ಲ ಬೆಳ್ಳಗಾದವು. ಬೇರೆ ಕಡೆ ನಕಲಿರಲಿಲ್ಲ.

ಮಧ್ಯಾಹ್ನವೇ ಮನೆಗೆ ಬಂದಳು. “ಅಳಿಸಿಬಿಟ್ಟೆ ಅತ್ತಿಗೆ. ನನ್ನ ಕೈಯಾರೆ,” ಎಂದಳು. ನಾನು ನೀರು ಕೊಟ್ಟು, ನನಗೆ ನೆನಪಿರುವುದನ್ನು ಹೇಳುತ್ತೇನೆ, ಬರೆದುಕೋ ಎಂದೆ. ಓದು ಇಲ್ಲದವರಿಗೆ ಕಿವಿಯೇ ಪುಸ್ತಕ. ಸೊಪ್ಪು ಬಿಡಿಸುವಾಗ ಕೇಳಿದ್ದನ್ನೆಲ್ಲ ಹೇಳುತ್ತ ಹೋದೆ, ಐವತ್ತೇಳು ಉತ್ತರ ಆಯಿತು. ಅವಳಿಗೂ ಬಹಳಷ್ಟು ನೆನಪಿತ್ತು. ಆದರೆ ಅವಳು ನೆನಪನ್ನು ನಂಬುವವಳೇ? ತಿಂಗಳುಗಟ್ಟಲೆ ಒಂದೊಂದನ್ನೂ ಮಾಡಿ ನೋಡಿ, ಸರಿ ಬಂದದ್ದನ್ನು ಸೇರಿಸಿದಳು. ಮಾಡಿ ನೋಡಲು ಆಗದವೂ ಇದ್ದವು. ತೀರಾ ಹಳೆಯ ಕಾಲದ ಕಡತಗಳಿಗೆ ಹಾಕಿದರೆ ಏನು ಕೆಡುತ್ತದೆ, ಕೆಲಸ ಅರ್ಧದಲ್ಲಿ ನಿಂತರೆ ಮತ್ತೆ ಎಲ್ಲಿಂದ ಹಿಡಿಯಬೇಕು, ಇಂಥವು. ಅವನೊಬ್ಬನಿಗೇ ಗೊತ್ತಿದ್ದದ್ದು. ಅಂಥ ಕಡೆ ‘ಇದು ನಮಗೆ ತಿಳಿದಿಲ್ಲ’ ಎಂದು ಬರೆದಳು. ಅರವತ್ತಮೂರು ಕಡೆ.

ಕಚೇರಿಯ ಯಜಮಾನ ಓದಿ ಕರೆಸಿದನಂತೆ. “ಅಲ್ಲಮ್ಮಾ, ಅರವತ್ತು ಕಡೆ ಗೊತ್ತಿಲ್ಲ ಅಂದ್ರೆ ಕೊಂಡೋರು ನಗಲ್ವಾ? ಏನಾದ್ರೂ ಒಂದು ಬರೀರಿ. ಇದನ್ನೆಲ್ಲ ಯಾರು ಓದ್ತಾರೆ?”

“ಓದೋರು ಇದಾರೆ ಅಂತಾನೇ ಬರೆದಿದ್ದು ಸಾರ್.”

ಮುಂದಿನ ತಿಂಗಳಿಂದ ಬರುವುದು ಬೇಡ ಎಂದರು. ಮೂರು ತಿಂಗಳಾದ ಮೇಲೆ ಅಂಚೆಯಲ್ಲಿ ಕೈಪಿಡಿ ಬಂತು, ಒಳ್ಳೆಯ ಕಾಗದ. ಮೊದಲ ಪುಟದಲ್ಲಿ ಅವಳ ಹೆಸರು, ಕೆಳಗೆ ‘ಸಂದೇಹವಿದ್ದರೆ ಕೇಳಿ’ ಎಂದು ಅವಳೇ ಆಸೆಯಿಂದ ಹಾಕಿದ್ದ ಫೋನ್ ನಂಬರು. ಅರವತ್ತಮೂರು ಕಡೆಯೂ ಯಾರೋ ಬಾಯಿಗೆ ಬಂದದ್ದು ತುಂಬಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ನನ್ನ ಹೆಸರು ತೆಗೆಯಿರಿ ಎಂದು ಹೋಗಿ ಕೇಳಿಕೊಂಡಳು. ಕೊಂಡವರಿಗೆಲ್ಲ ಕಳಿಸಿ ಆಗಿದೆ ಎಂದರು.

ಈಗ ಫೋನುಗಳು ಬರುತ್ತವೆ. ಕೈಪಿಡಿಯಲ್ಲಿ ಇದ್ದ ಹಾಗೆ ಮಾಡಿ ಕಡತ ಹಾಳಾದವರು. ಮೊದಮೊದಲು ಆ ಸಾಲು ನನ್ನದಲ್ಲ ಎಂದು ವಿವರಿಸುತ್ತಿದ್ದಳು. ಕೇಳುವವರಿಗೆ ಅದು ಯಾಕೆ ಬೇಕು? ಬೈಯುತ್ತಾರೆ. ಈಗ ಪೂರ್ತಿ ಕೇಳಿಸಿಕೊಂಡು, ತಪ್ಪಾಗಿದೆ, ಕ್ಷಮಿಸಿ ಎಂದಷ್ಟೇ ಹೇಳಿ ಇಡುತ್ತಾಳೆ. ಕನ್ನಡಕ ತೆಗೆದಿಟ್ಟವಳು ದಿನಪತ್ರಿಕೆಯನ್ನೂ ಓದುವುದಿಲ್ಲ.

“ಎತ್ತಬೇಡ ಕಣೆ. ಆ ನಂಬರೇ ಬದಲಾಯಿಸು,” ಎಂದೆ ಮೊನ್ನೆ.

“ನಂಬರ್ ಬದಲಾಯಿಸಬಹುದು ಅತ್ತಿಗೆ,” ಎಂದಳು, “ಹೆಸರು?”

ಅಷ್ಟರಲ್ಲಿ ಇನ್ನೊಂದು ಫೋನು ಬಂತು, ಎದ್ದುಹೋಗಿ ಎತ್ತಿದಳು.