ರೋಸಾ ಆಂಟಿಯ ಊರಿನ ನೀರು

ಮೆಕ್ಸಿಕೋ ಕರಾವಳಿಯ ಮಸಾಟ್ಲಾನ್. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅತ್ತೆಯ ಕೈಚೀಲದಿಂದ ಪುಟ್ಟ ಶಾಂಪೂ ಬಾಟಲಿ ಹೊರಬಂತು. ಒಳಗಿದ್ದದ್ದು ಸಮುದ್ರದ ನೀರು. ನಿನ್ನೆ ನಾವೆಲ್ಲ ದೀಪಸ್ತಂಭದ ಗುಡ್ಡ ಹತ್ತಿದಾಗ ಅತ್ತೆ ಕೆಳಗೇ ಉಳಿದು ತುಂಬಿಕೊಂಡಿದ್ದರು.

ಅಮೆರಿಕದ ಡಲ್ಲಾಸ್ ಪಕ್ಕದ ಕಾಪೆಲ್‌ನಲ್ಲಿ ನನ್ನ ಮಗಳನ್ನು ನೋಡಿಕೊಳ್ಳುವ ರೋಸಾ ಆಂಟಿ ಈ ಊರಿನವರು. ಅಮೆರಿಕದಲ್ಲಿರಲು ಅವರ ಬಳಿ ಕಾಗದಪತ್ರಗಳಿಲ್ಲ, ಒಮ್ಮೆ ಇಲ್ಲಿಗೆ ಬಂದರೆ ಮರಳಿ ಅಲ್ಲಿಗೆ ಹೋಗುವಂತಿಲ್ಲ.

"ಏರ್‌ಪೋರ್ಟಲ್ಲಿ ಬಿಡಲ್ಲ ಅತ್ತೆ," ಎಂದು ನಾನು ಗೊಣಗಿದ್ದೆ.

"ಬರಾಕ ಆಗದವ್ರಿಗೆ ನಾವ ಒಯ್ದು ಕೊಡಬೇಕವಾ, ಕಾಶಿ ತೀರ್ಥದಂಗ," ಎಂದಿದ್ದರು ಧಾರವಾಡದ ಅತ್ತೆ.

ಅಧಿಕಾರಿಗೆ ಇಂಗ್ಲಿಷಿನಲ್ಲಿ ಇಷ್ಟನ್ನೇ ಹೇಳಿದೆ. ಅವನು ಮುಚ್ಚಳ ತೆಗೆದು ಮೂಸಿದ.

"ಅವರು ಊರು ಬಿಟ್ಟು ಎಷ್ಟು ವರ್ಷ ಆಯ್ತು?"

"ಇಪ್ಪತ್ತೆರಡು."

ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, ಸೋರದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ಅತ್ತೆಗೆ ಕೊಟ್ಟ.