ನೋಡಲು ಬಂದವಳು

ಕುಡಿತ ಬಿಡಿಸುವ ಆಸ್ಪತ್ರೆಯ ಆಯಾಳನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಾರೆ. ಅವಳು ಕೆಮ್ಮಿದರೆ ಡಾಕ್ಟರೂ ನೆಟ್ಟಗೆ ಕೂರುತ್ತಾರೆ. ಗಂಡಸರ ವಾರ್ಡಿನಲ್ಲಿ ಯಾರಾದರೂ ತಟ್ಟೆ ಎಸೆದು ರಂಪ ಮಾಡಿದರೆ, "ಕೂಗಿದ್ದು ಮುಗೀತಾ? ಈಗ ನೆಲ ಒರೆಸು, ಮಹರಾಯ" ಎಂದು ಕೈಗೆ ಬಟ್ಟೆ ಕೊಡುತ್ತಾಳೆ. ಹೆಂಗಸರ ವಾರ್ಡಿನಲ್ಲಿ ಸದ್ದೇ ಇರುವುದಿಲ್ಲ. ದೊಡ್ಡಮ್ಮನಿಗೆ ಭಯವಿರುವುದು ಅಲ್ಲಿಯೇ. "ಗಂಡಸರು ಊರಿಗೆಲ್ಲ ಬೈದು ಹಗುರಾಗ್ತಾರೆ. ಇವರು ತಮ್ಮನ್ನೇ ಬೈಕೊಂಡು ಒಳಗೊಳಗೇ ಸಾಯ್ತಾರೆ" ಎನ್ನುತ್ತಾ, ಗೋಡೆಗೆ ಮುಖ ಮಾಡಿ ಮಲಗಿದವಳ ತಲೆ ಬಾಚುವ ನೆಪದಲ್ಲಿ ಪಕ್ಕದಲ್ಲಿ ಕೂರುತ್ತಾಳೆ. ಸಿಕ್ಕು ಬಿಡಿಸುವಷ್ಟರಲ್ಲಿ ಮಲಗಿದವಳು ಅತ್ತುಬಿಟ್ಟರೆ ಅಂದಿನ ಕೆಲಸ ಆದಂತೆ. ಭಾನುವಾರ ಭೇಟಿಯ ಹೊತ್ತಿಗೆ ಗಂಡಸರ ವಾರ್ಡು ಹೆಂಡತಿ, ತಾಯಿ, ಅಕ್ಕತಂಗಿಯರಿಂದ ಗಿಜಿಗುಡುತ್ತದೆ. ಹೆಂಗಸರ ಕಡೆಗೆ ಒಂದು ನರಪಿಳ್ಳೆಯೂ ಸುಳಿಯುವುದಿಲ್ಲ. ಆಗ ದೊಡ್ಡಮ್ಮ ಸಮವಸ್ತ್ರ ಕಳಚಿ, ಒಳ್ಳೆಯ ಬಟ್ಟೆ ತೊಟ್ಟು, ಹಿಂಬಾಗಿಲಿಂದ ಹೊರಬಿದ್ದು, ಹಣ್ಣಿನ ಚೀಲ ಹಿಡಿದು ಮುಂದಿನ ಗೇಟಿಗೆ ಬರುತ್ತಾಳೆ. ದಿನಾ ಅವಳ ಜೊತೆ ಟೀ ಕುಡಿಯುವ ಕಾವಲುಗಾರ ಒಂಚೂರೂ ನಗದೆ ಎದ್ದು ನಿಂತು, "ಯಾರನ್ನ ನೋಡಬೇಕಮ್ಮ?" ಎಂದು ಕೇಳುತ್ತಾನೆ. ಒಂದು ಕಾಲದಲ್ಲಿ ಅದೇ ವಾರ್ಡಿನ ಮಂಚದಲ್ಲಿ ಮಲಗಿ, ತನಗಾಗಿ ಯಾರಾದರೂ ಬಂದಾರೇನೋ ಎಂದು ಈ ಗೇಟಿನ ಕಡೆಗೇ ಕಿವಿಯಿಟ್ಟಿದ್ದ ದೊಡ್ಡಮ್ಮ, ಒಳಗಿನವರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಹೇಳುತ್ತಾಳೆ: "ನಮ್ಮ ಮನೆ ಹೆಣ್ಣುಮಕ್ಕಳನ್ನ."